ಗುಂಪಿನಲ್ಲಿ ಡಿಸೈನ್ ಥಿಂಕಿಂಗ್: ಕಲಬುರಗಿ, ಬೀದರ್, ಯಾದಗಿರಿಯ ಸಂಘ, ಶಾಲೆ, ಪಂಚಾಯಿತಿಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಡಿಸೈನ್ ಥಿಂಕಿಂಗ್ ಅಂದರೆ ನಿಜಕ್ಕೂ ಏನು? ಚಿತ್ರ ಬಿಡಿಸುವವರಿಗೆ ಮಾತ್ರವೇ?

ಅಲ್ಲ. ಪರಿಹಾರ ಹುಡುಕುವ ಮೊದಲು ಸಮಸ್ಯೆ ಯಾರದು, ಅವರಿಗೆ ಅದು ಎಲ್ಲಿ ಚುಚ್ಚುತ್ತದೆ ಎಂದು ಹೋಗಿ ನೋಡುವುದು, ಆಮೇಲೆ ಅಗ್ಗದ ಮಾದರಿ ಮಾಡಿ ಅವರ ಕೈಗೇ ಕೊಟ್ಟು ನೋಡುವುದು, ಇಷ್ಟೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿ-ಸ್ಕೂಲ್ ಇದನ್ನು ಐದು ಹೆಜ್ಜೆಯಾಗಿ ಕಲಿಸುತ್ತದೆ: ಜನರನ್ನು ಅರಿಯುವುದು, ಸಮಸ್ಯೆಯನ್ನು ಒಂದು ವಾಕ್ಯಕ್ಕೆ ತರುವುದು, ಉಪಾಯ ಹುಡುಕುವುದು, ಮಾದರಿ ಮಾಡುವುದು, ಪರೀಕ್ಷಿಸುವುದು. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ಇದೇ ಕೆಲಸವನ್ನು ಅಕ್ಕಪಕ್ಕದ ಎರಡು ವಜ್ರಾಕೃತಿಗಳಲ್ಲಿ ತೋರಿಸುತ್ತದೆ. ಸಮಸ್ಯೆಯ ಬಗ್ಗೆ ಒಮ್ಮೆ ಯೋಚನೆಯನ್ನು ಅಗಲವಾಗಿ ಹರಡಿ ಒಮ್ಮೆ ಒಂದೆಡೆ ಕೂಡಿಸು, ಪರಿಹಾರದ ಬಗ್ಗೆ ಮತ್ತೊಮ್ಮೆ ಹರಡಿ ಮತ್ತೊಮ್ಮೆ ಕೂಡಿಸು. ಹೆಸರು ಯಾವುದಾದರೂ ಇರಲಿ. ನಮ್ಮ ಗುಂಪುಗಳು ಎಡವುವುದು ಬಹುತೇಕ ಮೊದಲ ವಜ್ರದಲ್ಲೇ. ಸಭೆ ಶುರುವಾಗಿ ಹತ್ತು ನಿಮಿಷಕ್ಕೆ ಯಾರೋ ‘ಒಂದು ಅರ್ಜಿ ಕೊಡೋಣ ಬಿಡ್ರಿ’ ಅನ್ನುತ್ತಾರೆ, ಅಲ್ಲಿಗೆ ಯೋಚನೆ ನಿಂತಿತು.

ಯಾವ ಸಮಸ್ಯೆಗೆ ಇದು ಹೊಂದುತ್ತದೆ?

ಕಾರಣ ಒಂದಲ್ಲ, ಹತ್ತು ಇದ್ದು, ಒಬ್ಬೊಬ್ಬರಿಗೆ ಒಂದೊಂದು ರೀತಿ ಕಾಣುವ ಸಮಸ್ಯೆಗೆ. ಇಂಥ ಜಟಿಲ ಸಮಸ್ಯೆಗಳ ಲಕ್ಷಣಗಳನ್ನು ವಿನ್ಯಾಸ ಮತ್ತು ನಗರ ಯೋಜನೆಯ ವಿದ್ವಾಂಸರಾದ ಹಾರ್ಸ್ಟ್ ರಿಟ್ಟೆಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲೇ ವಿವರಿಸಿದ್ದರು. ಪೈಪು ಒಡೆದರೆ ಪ್ಲಂಬರ್ ಕರೆಯಿರಿ, ಕಾರ್ಯಾಗಾರ ಬೇಡ. ಪಹಣಿ ತಕರಾರು, ಬಾಕಿ ಕೂಲಿ, ಯಾರದೋ ಮೇಲಿನ ದೂರು ಇವು ಹಕ್ಕಿನ ವಿಷಯ. ಇವನ್ನು ಕಾರ್ಯಾಗಾರದಲ್ಲಿ ಮಾತಿಗೊಂದು ಬಣ್ಣದ ಚೀಟಿ ಬರೆದು ಅಂಟಿಸಿ ಬಗೆಹರಿಸಲು ಹೊರಡುವುದು ನೊಂದವರಿಗೆ ಮಾಡುವ ಅನ್ಯಾಯ.

ಗೆರೆ ಎಲ್ಲಿದೆ ಎಂಬುದಕ್ಕೆ ತೊಗರಿಯನ್ನೇ ನೋಡಿ. ನೆಟೆ ರೋಗಕ್ಕೆ ಯಾವ ತಳಿ, ಯಾವ ಔಷಧ ಎಂಬುದು ಕೃಷಿ ವಿಜ್ಞಾನಿಗಳ ಪ್ರಶ್ನೆ. ಗುಂಪಿನಲ್ಲಿ ಕೈ ಎತ್ತಿಸಿ ತೀರ್ಮಾನಿಸುವಂಥದ್ದಲ್ಲ. ಆದರೆ ಟ್ರೈಕೋಡರ್ಮಾ ಎಂಬ ರೋಗ ತಡೆಯುವ ಶಿಲೀಂಧ್ರದಿಂದ ಬೀಜೋಪಚಾರ ಮಾಡಬೇಕು ಎಂದು ಗೊತ್ತಿದ್ದೂ ಬಿತ್ತುವ ದಿನ ಯಾಕೆ ಮಾಡುವುದಿಲ್ಲ ಎಂಬುದು ನಮ್ಮ ಪ್ರಶ್ನೆ. ಅಲ್ಲಿ ಕೂರಿಗೆಯವನ ಅವಸರ ಇದೆ, ಮಳೆ ನಿಲ್ಲುವ ಹೆದರಿಕೆ ಇದೆ, ಬೀಜಕ್ಕೆ ಔಷಧ ಬೆರೆಸುವವರು ಯಾರು ಎಂಬ ಮನೆಯೊಳಗಿನ ಹಂಚಿಕೆ ಇದೆ.

ಗುಂಪಿನಲ್ಲಿ ಎಷ್ಟು ಜನ ಇರಬೇಕು?

ಒಂದು ಗುಂಪಿಗೆ 5ರಿಂದ 7. ನಾಲ್ಕಕ್ಕಿಂತ ಕಡಿಮೆಯಾದರೆ ಉಪಾಯ ಬತ್ತುತ್ತದೆ, ಎಂಟು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಫೋನ್ ನೋಡುತ್ತಾರೆ. 24 ಜನ ಬಂದರೆ ಆರಾರರ ನಾಲ್ಕು ಗುಂಪು, ಎರಡು ಗುಂಪಿಗೆ ಒಬ್ಬ ನಡೆಸುವವರು. ಒಂದೇ ಮನೆಯವರು, ಒಂದೇ ಕಚೇರಿಯ ಮೇಲಧಿಕಾರಿ ಮತ್ತು ಕೈಕೆಳಗಿನವರು ಒಂದೇ ಗುಂಪಿಗೆ ಬೀಳದಂತೆ ನೋಡಿ. ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ ಕೂತರೆ ಸೊಸೆಯ ಚೀಟಿ ಖಾಲಿಯೇ ಉಳಿಯುತ್ತದೆ. ಗಂಡಸರು ಹೆಂಗಸರು ಸೇರಿದ ಕಡೆ ಮೊದಲ ಸುತ್ತು ಬೇರೆ ಬೇರೆ ನಡೆಸಿ ಎರಡನೆಯ ಸುತ್ತಿಗೆ ಕೂಡಿಸಿ.

ಎಷ್ಟು ಸಮಯ ಬೇಕು? ಒಂದೇ ದಿನದಲ್ಲಿ ಮುಗಿಸಬಹುದೇ?

ಮುಗಿಸಬಹುದು, ಆದರೆ ಜನರನ್ನು ನೋಡುವ ಭಾಗ ಹಾರಿಹೋಗುತ್ತದೆ. ಅದು ಹೋದ ಮೇಲೆ ಉಳಿಯುವುದು ಚೀಟಿ ಆಟ. ಮೂರು ಕೂಟ ಇಟ್ಟುಕೊಳ್ಳಿ. ಮೊದಲನೆಯದು 2 ಗಂಟೆ: ಯಾರನ್ನು ನೋಡಬೇಕು ಎಂಬ ಪಟ್ಟಿ, ಪ್ರಶ್ನೆ ಕೇಳುವ ಅಭ್ಯಾಸ. ಆಮೇಲೆ 3ರಿಂದ 5 ದಿನ ಓಡಾಟ. ಎರಡನೆಯದು 4 ಗಂಟೆ: ಓಡಾಟದಲ್ಲಿ ಕೇಳಿದ್ದನ್ನು ಬರೆದ ಚೀಟಿ ಜೋಡಿಸಲು 60 ನಿಮಿಷ, ಸಮಸ್ಯೆಯ ವಾಕ್ಯಕ್ಕೆ 30, ಉಪಾಯಕ್ಕೆ 45, ಆಯ್ಕೆಗೆ 20, ಮಾದರಿಗೆ 60, ಉಳಿದದ್ದು ಚಹಾಕ್ಕೆ. ವಾರ ಬಿಟ್ಟು ಮೂರನೆಯ ಕೂಟ, 2 ಗಂಟೆ, ಪರೀಕ್ಷೆಯಲ್ಲಿ ಕಂಡದ್ದನ್ನು ಹೇಳಿಕೊಳ್ಳಲು.

ದಿನ ಗೊತ್ತು ಮಾಡುವಾಗ ಊರಿನ ಲೆಕ್ಕ ನೋಡಿ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ, ಯಾರೂ ಸಿಗುವುದಿಲ್ಲ. ಏಪ್ರಿಲ್–ಮೇ ಬಿಸಿಲಿನಲ್ಲಿ ಮುಂಜಾನೆ 7:30ಕ್ಕೆ ಶುರು ಮಾಡಿ 11:30ಕ್ಕೆ ಎದ್ದುಬಿಡಿ. ತಗಡಿನ ಛಾವಣಿಯ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಯಾವ ಉಪಾಯವೂ ಹೊಳೆಯುವುದಿಲ್ಲ. ಸೋಮವಾರ ಎತ್ತು ಹೂಡದ ಊರುಗಳಲ್ಲಿ ಆ ದಿನವೇ ಅನುಕೂಲ. ಯಾದಗಿರಿ ಕಡೆ ಗುಳೆ ಹೋದವರ ಸಮಸ್ಯೆ ಎತ್ತಿಕೊಂಡಿದ್ದರೆ, ಅವರು ಯುಗಾದಿಗೋ ಮೊಹರಮ್ಮಿಗೋ ಊರ ಜಾತ್ರೆಗೋ ಬರುವವರೆಗೆ ಕಾಯಿರಿ. ಅವರಿಲ್ಲದ ಸಭೆಯಲ್ಲಿ ಅವರ ಬಗ್ಗೆ ಊಹೆಯೇ ನಡೆಯುತ್ತದೆ.

ಯಾವ ಸಾಮಾನು ತರಬೇಕು?

ಅಂಟುವ ಬಣ್ಣದ ಚೀಟಿ ಇಲ್ಲದೆ ಇದು ಆಗುವುದಿಲ್ಲ ಎಂಬ ನಂಬಿಕೆ ಬಿಡಿ. ಸುಣ್ಣ ಬಳಿದ ಗೋಡೆಗೆ, ಧೂಳಿಗೆ, ತಿರುಗುವ ಫ್ಯಾನಿಗೆ ಆ ಚೀಟಿ ಅರ್ಧ ಗಂಟೆ ನಿಲ್ಲುವುದಿಲ್ಲ. 24 ಜನಕ್ಕೆ: ಒಂದು ಬದಿ ಖಾಲಿ ಇರುವ 100 ಎ-ಫೋರ್ ಹಾಳೆಗಳನ್ನು ನಾಲ್ಕು ತುಂಡು ಮಾಡಿದರೆ 400 ಚೀಟಿ, ಅದು ಸಾಕು. ದಪ್ಪ ಮೊನೆಯ ಕಪ್ಪು ಸ್ಕೆಚ್ ಪೆನ್ ತಲೆಗೊಂದು. ಬಾಲ್‌ಪೆನ್ ಕೊಡಬೇಡಿ, ಬರೆದದ್ದು ನಾಲ್ಕು ಅಡಿ ದೂರಕ್ಕೆ ಕಾಣುವುದಿಲ್ಲ, ಜೊತೆಗೆ ಜನ ಪ್ರಬಂಧ ಬರೆಯಲು ಶುರು ಮಾಡುತ್ತಾರೆ. ಖಾಕಿ ಕಾಗದ 10 ಹಾಳೆ, ಸೆಲೋಟೇಪು 4 ಉರುಳಿ, ಕತ್ತರಿ 4, ಹಳೆಯ ರಟ್ಟಿನ ಡಬ್ಬಿ, ದಾರ, ಒಂದು ಹಿಡಿ ತೊಗರಿ ಕಾಳು. ಕಾಳು ಯಾಕೆ ಎಂಬುದು ಕೆಳಗೆ ಬರುತ್ತದೆ.

ಗೋಡೆಗಿಂತ ನೆಲ ಒಳ್ಳೆಯದು. ಶಹಾಬಾದ ಕಲ್ಲು ಹಾಸಿದ ನೆಲ ಈ ಕೆಲಸಕ್ಕೆಂದೇ ಮಾಡಿದಂತಿದೆ: ಒಂದೊಂದು ಕಲ್ಲೂ ಒಂದೊಂದು ಮನೆ, ಸೀಮೆಸುಣ್ಣದಿಂದ ಮೇಲೆ ತಲೆಬರಹ ಬರೆಯಬಹುದು, ಸುತ್ತ ಕೂತವರಿಗೆಲ್ಲ ಕೈ ಎಟುಕುತ್ತದೆ. ಗೋಡೆಯ ಮುಂದೆ ನಿಲ್ಲಲು ಸಂಕೋಚ ಪಡುವ ಅಜ್ಜಿಯರೂ ನೆಲದ ಮೇಲಿನ ಚೀಟಿಯನ್ನು ಸರಿಸುತ್ತಾರೆ. ಫ್ಯಾನ್ ಇದ್ದರೆ ಚೀಟಿಯ ಮೇಲೊಂದು ಹರಳು ಇಡಿ.

ಜನರ ಹತ್ತಿರ ಹೋಗಿ ಏನು ಕೇಳಬೇಕು?

ಇಡೀ ಕೆಲಸದ ಅರ್ಧ ಭಾರ ಇಲ್ಲಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಇಬ್ಬಿಬ್ಬರಾಗಿ ಹೋಗಿ, ಒಬ್ಬರು ಮಾತಾಡಲಿ, ಒಬ್ಬರು ಬರೆಯಲಿ. ಒಂದು ಜೋಡಿ ಮೂರು ನಾಲ್ಕು ಜನರನ್ನು ಕಂಡರೆ ಸಾಕು, ತಲಾ 30–40 ನಿಮಿಷ. ‘ನಿಮಗೇನು ಬೇಕು?’ ಎಂದು ಕೇಳಬೇಡಿ. ನೀವು ಯಾವುದೋ ಯೋಜನೆಯವರು ಎಂದುಕೊಂಡು, ಯಾವುದು ಕೇಳಿದರೆ ಮಂಜೂರಾಗಬಹುದೋ ಅದನ್ನೇ ಹೇಳುತ್ತಾರೆ. ಅದು ಅವರ ಜಾಣತನ, ತಪ್ಪಲ್ಲ. ಅಭಿಪ್ರಾಯ ಬೇಡ, ನಡೆದದ್ದನ್ನು ಕೇಳಿ.

‘ಅಕ್ಕಾರ, ನೀರಿನ ತೊಂದ್ರಿ ಅದ ಏನ್ರಿ?’ ಎಂದರೆ ‘ಅದರೀ, ಭಾಳ ಅದ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ‘ನಿನ್ನಿ ಮುಂಜಾನಿ ಮೊದಲ ಕೊಡ ಎಷ್ಟೊತ್ತಿಗಿ ತುಂಬಿದ್ರಿ? ಯಾರು ತಂದ್ರು? ಆವಾಗ ಮನ್ಯಾಗ ಏನ್ ಕೆಲಸ ನಡದಿತ್ತು?’ ಎಂದು ಕೇಳಿ. ಈಗ ನಳದ ಸಮಯ, ರೊಟ್ಟಿ ಬಡಿಯುವ ಸಮಯ, ಮಗಳ ಶಾಲೆಯ ಬಸ್ಸಿನ ಸಮಯ ಮೂರೂ ಒಂದಕ್ಕೊಂದು ಢಿಕ್ಕಿ ಹೊಡೆಯುವುದು ತಾನಾಗಿಯೇ ಹೊರಬರುತ್ತದೆ. ನೀರು ಕಡಿಮೆ ಎಂದು ನೀವು ಅಂದುಕೊಂಡಿದ್ದಿರಿ. ತೊಂದರೆ ಇರುವುದು ಗಡಿಯಾರದಲ್ಲಿರಬಹುದು.

ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ನಳ ಬರೋತನ ಒಲಿ ಮುಂದ ಕುಂತೇ ಇರ್ತೀನ್ರಿ’ ಎಂಬುದನ್ನು ‘ನೀರು ಪೂರೈಕೆಯಲ್ಲಿ ಅನಿಶ್ಚಿತತೆ’ ಎಂದು ತಿದ್ದಿದರೆ ಆ ಹೆಂಗಸು ಅಲ್ಲಿಂದ ಮಾಯ. ದಖನಿ, ಲಂಬಾಣಿ, ಬೀದರಿನ ಗಡಿಯಲ್ಲಿ ಮರಾಠಿ, ಗುರುಮಠಕಲ್ ಕಡೆ ತೆಲುಗು ಆಡುವ ಮನೆಗಳಿಗೆ ಆ ಭಾಷೆ ಬಲ್ಲವರನ್ನೇ ಕಳಿಸಿ. ಕನ್ನಡದಲ್ಲಿ ‘ಎಲ್ಲಾ ಆರಾಮ’ ಅಂದವರು ತಮ್ಮ ಮಾತಿನಲ್ಲಿ ಅರ್ಧ ಗಂಟೆ ಬಿಚ್ಚಿ ಹೇಳುತ್ತಾರೆ. ಪಂಚಾಯಿತಿ ಕಚೇರಿಗೆ ಕರೆಸಿ ಮಾತಾಡಿಸಬೇಡಿ, ಅವರ ಕಟ್ಟೆಗೆ ನೀವೇ ಹೋಗಿ. ಫೋಟೊ ತೆಗೆಯುವ ಮೊದಲು ಕೇಳಿ, ಬೇಡ ಅಂದರೆ ಬಿಡಿ.

ಕೆಲಸ ನೋಡುವುದು ಮಾತು ಕೇಳುವುದಕ್ಕಿಂತ ಮೇಲು. ಬಿದರಿ ಕೆಲಸದವರ ಹತ್ತಿರ ಹೋದರೆ, ಬೀದರ್ ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಪಾತ್ರೆಗೆ ಕಪ್ಪು ಬರಿಸುವ ಹೊತ್ತಿನಲ್ಲಿ ಪ್ರಶ್ನೆ ಹಾಕಬೇಡಿ. ಸುಮ್ಮನೆ ಕೂತು ಯಾವ ಹಂತದಲ್ಲಿ ಎದ್ದು ಹೋಗುತ್ತಾರೆ, ಯಾವುದಕ್ಕೆ ಕಾಯುತ್ತಾರೆ, ಯಾವ ಉಪಕರಣವನ್ನು ತಾವೇ ತಂತಿ ಸುತ್ತಿ ಸರಿ ಮಾಡಿಕೊಂಡಿದ್ದಾರೆ ನೋಡಿ. ಜನ ತಾವೇ ಮಾಡಿಕೊಂಡ ಇಂಥ ತೇಪೆ ಕಂಡಲ್ಲಿ ಬೆರಳಿಡಿ, ನಿಜವಾದ ಅಗತ್ಯ ಅದರ ಕೆಳಗೇ ಇರುತ್ತದೆ.

ಚೀಟಿಗಳನ್ನು ಜೋಡಿಸುವುದು ಹೇಗೆ?

ಒಂದು ಚೀಟಿಗೆ ಒಂದೇ ಮಾತು. ಎಲ್ಲವನ್ನೂ ನೆಲದ ಮೇಲೆ ಹರಡಿ, ಮೊದಲ 15 ನಿಮಿಷ ಯಾರೂ ಮಾತಾಡದೆ ಒಂದರ ಹತ್ತಿರ ಒಂದು ಸರಿಸಲಿ. ಈ ಪದ್ಧತಿ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ಅವರದು. ನೇಪಾಳದ ಹಳ್ಳಿಗಳಲ್ಲೂ ಕ್ಷೇತ್ರಕಾರ್ಯ ಮಾಡಿದವರು ಅವರು. ಅಂಟುವ ಚೀಟಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 1980ರಲ್ಲಿ, ಪದ್ಧತಿ ಅದಕ್ಕಿಂತ ಹಳೆಯದು.

ಗುಂಪಿನ ತಲೆಬರಹ ಪದವಾಗಬಾರದು, ವಾಕ್ಯವಾಗಬೇಕು. ‘ಸಾರಿಗೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಸಂಜೆ ಕೊನೆಯ ಬಸ್ಸು ತಪ್ಪಿದರೆ ಹುಡುಗಿಯರು ಮರುದಿನ ಕಾಲೇಜಿಗೆ ಬರುವುದಿಲ್ಲ’ ಎಂದರೆ ಹೇಳಿದಂತಾಯಿತು. ‘ಅರಿವಿನ ಕೊರತೆ’, ‘ನಿರ್ಲಕ್ಷ್ಯ’ ಎಂಬ ತಲೆಬರಹ ಬಂದರೆ ಹರಿದುಹಾಕಿ. ಅರಿವಿನ ಕೊರತೆ ಎಂದು ಬರೆದ ಕೂಡಲೇ ಪರಿಹಾರ ‘ಜಾಗೃತಿ ಜಾಥಾ’ ಎಂದು ಗೊತ್ತೇ ಇದೆ. ಒಂಟಿಯಾಗಿ ಉಳಿದ ಚೀಟಿಯನ್ನು ಎಲ್ಲಿಯಾದರೂ ತುರುಕುವ ಆಸೆ ಎಲ್ಲರಿಗೂ ಬರುತ್ತದೆ, ಒಂಟಿಯಾಗಿಯೇ ಇರಲಿ ಬಿಡಿ.

ಸಮಸ್ಯೆಯ ವಾಕ್ಯ ಹೇಗಿರಬೇಕು? ಒಂದು ಉದಾಹರಣೆ ಕೊಡಿ.

ಅಚ್ಚು ಇದು: ‘ಇಂಥವರಿಗೆ ಇಂಥದ್ದು ಬೇಕಾಗಿದೆ, ಯಾಕೆಂದರೆ ಹೀಗಿದೆ.’ ಆಮೇಲೆ ಅದನ್ನು ‘ಹೇಗೆ ಮಾಡಬಹುದು?’ ಎಂಬ ಪ್ರಶ್ನೆಯಾಗಿ ತಿರುಗಿಸಿ.

ಖಡಕ್ ರೊಟ್ಟಿ ಮಾಡಿ ಮಾರುವ ಒಂದು ಮಹಿಳಾ ಸಂಘ ಎಂದಿಟ್ಟುಕೊಳ್ಳೋಣ. ದೂರು: ಅಂಗಡಿಗೆ ಹೋಗುವಷ್ಟರಲ್ಲಿ ರೊಟ್ಟಿ ಮುರಿಯುತ್ತದೆ, ಅಂಗಡಿಯವರು ವಾಪಸ್ ಕೊಡುತ್ತಾರೆ. ಸಭೆಯ ಮೊದಲ ಉತ್ತರ ‘ಪ್ಯಾಕಿಂಗ್ ಮಷಿನ್‌ಗೆ ಸಾಲ ತೆಗೆಯೋಣ’. ಆದರೆ ಇಬ್ಬರು ಒಂದು ಕಟ್ಟಿನ ಜೊತೆಗೇ ಹಂಚಿನಿಂದ ಅಂಗಡಿಯವರೆಗೆ ಹೋಗಿ ನೋಡಿದರೆಂದರೆ ಬೇರೆಯೇ ಕಾಣಬಹುದು: ಒಲೆಯ ಹತ್ತಿರ ಮುರಿದದ್ದು ಒಂದೂ ಇಲ್ಲ, ಆಟೊದಲ್ಲಿ ಒಂದೆರಡು, ಬಸ್ಸಿನಲ್ಲಿ ಕಟ್ಟನ್ನು ಅಂಚಿನ ಮೇಲೆ ನಿಲ್ಲಿಸಿ ಅದಕ್ಕೆ ಯಾರೋ ಜೋಳದ ಚೀಲ ಒರಗಿಸಿದಾಗ ಉಳಿದೆಲ್ಲ.

ಈಗ ‘ಮಾರಾಟ ಹೆಚ್ಚಿಸುವುದು ಹೇಗೆ?’ ಎಂಬುದು ತೀರಾ ಅಗಲ. ‘ರಟ್ಟಿನ ಡಬ್ಬಿ ಎಷ್ಟು ದಪ್ಪ ಇರಬೇಕು?’ ಎಂಬುದು ತೀರಾ ಇಕ್ಕಟ್ಟು, ಉತ್ತರವನ್ನು ಒಳಗೇ ಅಡಗಿಸಿಕೊಂಡಿದೆ. ‘ಬಸ್ಸಿನಲ್ಲಿ ನಮ್ಮವರು ಯಾರೂ ಜೊತೆಗಿಲ್ಲದಾಗ ರೊಟ್ಟಿಯ ಕಟ್ಟು ತನ್ನನ್ನು ತಾನೇ ಹೇಗೆ ಕಾಪಾಡಿಕೊಳ್ಳಬಹುದು?’ ಎಂಬುದು ಹದವಾಗಿದೆ. ಡಬ್ಬಿ, ಬಣ್ಣ, ಕಂಡಕ್ಟರನಿಗೆ ಕಾಣುವ ಗುರುತು, ಕಟ್ಟುವ ರೀತಿ ಎಲ್ಲಕ್ಕೂ ಅಲ್ಲಿ ಜಾಗ ಇದೆ.

ಉಪಾಯ ಹೊಳೆಯುವುದೇ ಇಲ್ಲ, ಅಥವಾ ಇಬ್ಬರೇ ಮಾತಾಡುತ್ತಾರೆ. ಏನು ಮಾಡಬೇಕು?

ಬಾಯಿ ಮುಚ್ಚಿ ಬರೆಸಿ. ಎಲ್ಲರೂ ಕೂಡಿ ಕೂಗಿ ಹೇಳುವ ಬ್ರೇನ್‌ಸ್ಟಾರ್ಮಿಂಗ್ ಅನ್ನು ಜನಪ್ರಿಯ ಮಾಡಿದವರು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿ ನೋಡಿದಾಗ, ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದರೆ ಸಿಕ್ಕ ಉಪಾಯಗಳು ನಾಲ್ವರ ಗುಂಪು ಒಟ್ಟಾಗಿ ಹೇಳಿದ್ದಕ್ಕಿಂತ ಹೆಚ್ಚಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮ್ಮದನ್ನು ಮರೆಯುತ್ತಾರೆ, ಮರೆಯದವರು ‘ನನ್ನದು ಸಣ್ಣದು’ ಎಂದು ನುಂಗಿಕೊಳ್ಳುತ್ತಾರೆ.

ನಮಗೆ ಹೆಚ್ಚು ಒಗ್ಗಿದ್ದು ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ಹೇಳಿದ 6-3-5 ಪದ್ಧತಿ. ಆರು ಜನ, ತಲಾ ಒಂದು ಹಾಳೆ, 5 ನಿಮಿಷದಲ್ಲಿ 3 ಉಪಾಯ. ಹಾಳೆ ಪಕ್ಕದವರಿಗೆ ಹೋಗುತ್ತದೆ, ಅವರು ಅದನ್ನು ಓದಿ ಅದರ ಮೇಲೆ ಕಟ್ಟಿ ಇನ್ನು ಮೂರು ಸೇರಿಸುತ್ತಾರೆ. ಆರು ಸುತ್ತಿಗೆ 30 ನಿಮಿಷ, ಹಾಳೆಯ ಮೇಲೆ 108 ಉಪಾಯ. ಅದರಲ್ಲಿ ತೊಂಬತ್ತು ಜೊಳ್ಳು ಇರುತ್ತವೆ, ಇರಲಿ. ನಾಲ್ಕನೆಯ ಸುತ್ತಿಗೆ ಎಲ್ಲರೂ ‘ಸಾಕಾಯ್ತ್ರಿ’ ಅನ್ನುತ್ತಾರೆ. ಅಲ್ಲಿ ನಿಲ್ಲಿಸಬೇಡಿ, ಗೊತ್ತಿದ್ದ ಉಪಾಯಗಳು ಮುಗಿದು ಹೊಸವು ಶುರುವಾಗುವುದು ಅಲ್ಲೇ.

ಓದು ಬರಹ ಬಾರದವರು ಇದ್ದರೆ?

ಹಾಳೆಯನ್ನು ಎಂಟು ಮಡಿಕೆ ಮಾಡಿ ಎಂಟು ನಿಮಿಷದಲ್ಲಿ ಎಂಟು ಚಿತ್ರ ಬಿಡಿಸಲು ಹೇಳಿ. ಕಸೂತಿ ಹಾಕುವ, ರಂಗೋಲಿ ಬಿಡುವ ಕೈಗಳು ಕಾಲೇಜು ಹುಡುಗರಿಗಿಂತ ಬೇಗ ಬಿಡಿಸುತ್ತವೆ. ಬರೆಯುವವರನ್ನು ಪಕ್ಕದಲ್ಲಿ ಕೂರಿಸಿದರೆ ಒಂದೇ ನಿಯಮ: ಹೇಳಿದ್ದನ್ನು ಬರೆಯಬೇಕು, ಚಂದ ಮಾಡಬಾರದು, ಬರೆದ ಮೇಲೆ ಓದಿ ಹೇಳಬೇಕು.

ಗೌಡರು, ಅಧ್ಯಕ್ಷರು, ಸಾಹೇಬರು ಕೋಣೆಯಲ್ಲಿದ್ದರೆ ಯಾರೂ ಬಾಯಿ ಬಿಡುವುದಿಲ್ಲವಲ್ಲ?

ಅವರನ್ನು ಹೊರಗಿಡಲು ಹೋಗಬೇಡಿ, ಅವಮಾನವಾದರೆ ಮುಂದಿನ ಕೆಲಸವೇ ನಿಲ್ಲುತ್ತದೆ. ಮೊದಲು ಹೋಗಿ ಭೇಟಿಯಾಗಿ ಒಂದು ಪಾತ್ರ ಕೊಡಿ: ಶುರುವಿನಲ್ಲಿ ಐದು ನಿಮಿಷ ಸ್ವಾಗತ, ಕೊನೆಯಲ್ಲಿ ಮಾದರಿಗಳನ್ನು ನೋಡಿ ಪ್ರಶ್ನೆ ಕೇಳುವುದು. ‘ನಡುವಿನ ಹೊತ್ತು ಬೇಸರ ಆಗ್ತದ್ರಿ ಸಾಹೇಬ್ರ, ನಾಲ್ಕಕ್ಕ ಬರ್ರಿ, ತಯಾರಾದದ್ದು ತೋರಸ್ತೀವಿ’ ಎಂದರೆ ಬಹಳಷ್ಟು ಜನ ಸಂತೋಷದಿಂದಲೇ ಒಪ್ಪುತ್ತಾರೆ. ಕೂರುತ್ತೇನೆ ಎಂದರೆ ಅವರಿಗೂ ಚೀಟಿ ಕೊಡಿ. ಹೆಸರಿಲ್ಲದ ಚೀಟಿ, ಒಂದೇ ಬಣ್ಣದ ಪೆನ್, ಒಟ್ಟುಗೂಡಿಸಿ ಕಲೆಸಿ ಓದುವುದು. ಬಣ್ಣ ಬೇರೆಯಾದರೆ ಯಾರದು ಎಂದು ತಿಳಿದುಬಿಡುತ್ತದೆ, ಕಪ್ಪು ಪೆನ್ನೇ ಎಂದು ಹಟ ಹಿಡಿದದ್ದು ಅದಕ್ಕೆ.

ಉಪಾಯಗಳಲ್ಲಿ ಆರಿಸುವುದು ಹೇಗೆ?

ತೊಗರಿ ಕಾಳು. ತಲೆಗೆ ಮೂರು. ಒಂದೊಂದು ಉಪಾಯದ ಮುಂದೆ ಒಂದೊಂದು ಕಾಗದದ ಲೋಟ, ಬಾಯಿಗೆ ಹಾಳೆ ಮುಚ್ಚಿ ಸಣ್ಣ ತೂತು. ಸಾಮಾನ್ಯವಾಗಿ ಚುಕ್ಕೆ ಅಂಟಿಸಿ ಮತ ಹಾಕಿಸುತ್ತಾರೆ, ಹೆಂಗಸರ ಗುಂಪಿನಲ್ಲಿ ಹಣೆಗೆ ಅಂಟಿಸುವ ಟಿಕಳಿಯನ್ನೂ ಬಳಸುತ್ತಾರೆ. ತೊಂದರೆ ಏನೆಂದರೆ ಮೊದಲ ನಾಲ್ಕು ಟಿಕಳಿ ಎಲ್ಲಿ ಬಿದ್ದವೋ ಉಳಿದವೂ ಅಲ್ಲೇ ಬೀಳುತ್ತವೆ. ಮುಚ್ಚಿದ ಲೋಟದಲ್ಲಿ ಆ ಚಾಳಿ ಇಲ್ಲ.

ಹೆಚ್ಚು ಕಾಳು ಬಿದ್ದ ಮೂರನ್ನು ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಇದನ್ನು ಈ ವಾರವೇ, ಯಾರ ಅನುಮತಿಯೂ ಇಲ್ಲದೆ ಸಣ್ಣದಾಗಿ ಮಾಡಿ ನೋಡಬಹುದೇ? ಆಗದಿದ್ದರೆ ಪಕ್ಕಕ್ಕಿಡಿ.

ಮಾದರಿ ಎಷ್ಟು ಚೆನ್ನಾಗಿರಬೇಕು?

ಕೆಟ್ಟದಾಗಿರಬೇಕು. ಒಂದು ಗಂಟೆ, ಇನ್ನೂರು ರೂಪಾಯಿ, ಇದಕ್ಕಿಂತ ಮೇಲೆ ಹೋಗಬಾರದು. ಚಂದ ಮಾಡಿದ ಮಾದರಿಗೆ ಜನ ‘ಚಂದ ಅದ’ ಎಂದು ಹೇಳಿ ಕಳಿಸುತ್ತಾರೆ. ರಟ್ಟು, ಟೇಪಿನದಾದರೆ ಧೈರ್ಯವಾಗಿ ಬೈಯುತ್ತಾರೆ.

ರೊಟ್ಟಿಯ ವಿಷಯದಲ್ಲಿ ಮೂರು ಕಟ್ಟು ಮಾಡಿ, ಒಂದೊಂದರಲ್ಲಿ 20 ರೊಟ್ಟಿ. ಮೊದಲನೆಯದು ಈಗ ಕಟ್ಟುವ ರೀತಿ. ಇದನ್ನು ಬಿಟ್ಟರೆ ಹೋಲಿಸಲು ಏನೂ ಇರುವುದಿಲ್ಲ. ಎರಡನೆಯದು ಮೇಲೆ ಕೆಳಗೆ ದುಂಡನೆಯ ರಟ್ಟು ಇಟ್ಟು ದಾರ ಬಿಗಿದದ್ದು. ಮೂರನೆಯದು ರಟ್ಟಿನ ಡಬ್ಬಿ, ನಿಲ್ಲಿಸಿದರೆ ಉರುಳುವಂತೆ ತಳ ಮಾಡಿದ್ದು, ಹಾಗಾಗಿ ಮಲಗಿಸದೆ ಬೇರೆ ದಾರಿಯಿಲ್ಲ. ಮೂರನ್ನೂ ಒಂದೇ ಬಸ್ಸಿನಲ್ಲಿ ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದ ಆಳಂದಕ್ಕೆ ಕಳಿಸಿ, ಅಲ್ಲಿ ಬಿಚ್ಚಿ ಎಣಿಸಿ. ಬೇರೆ ದಿನ ಬೇರೆ ಬಸ್ಸಿನಲ್ಲಿ ಇನ್ನೆರಡು ಸಲ. ರೊಟ್ಟಿ ಪೂರ್ತಿ ಆರಿದ ಮೇಲೆಯೇ ಕಟ್ಟಿ. ಬೆಚ್ಚಗಿದ್ದಾಗ ಕಟ್ಟಿದರೆ ಒಳಗೆ ಹಬೆ ಕೂತು ಮೆತ್ತಗಾಗುತ್ತದೆ, ಆಗ ಮುರಿಯದೆ ಉಳಿದದ್ದು ಡಬ್ಬಿಯ ಗುಣವಲ್ಲ.

ಸೇವೆಯ ಸಮಸ್ಯೆಯಾದರೆ ನಾಟಕವೇ ಮಾದರಿ. ಪಡಿತರ ಅಂಗಡಿಯ ಸಾಲು, ಆಸ್ಪತ್ರೆಯ ಚೀಟಿ ಕಿಟಕಿ ಇವನ್ನು ಎರಡು ಮೇಜು, ಹತ್ತು ಜನ ಇಟ್ಟು ಆಡಿಸಿ, ಕೈಯಲ್ಲಿ ಗಡಿಯಾರ ಹಿಡಿಯಿರಿ.

ಪರೀಕ್ಷೆಗೆ ಎಷ್ಟು ಜನ ಸಾಕು?

ಐದು ಜನ ಸಾಕು ಎಂಬ ಮಾತು ಬಳಕೆ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಅವರದು, ಗಣಕದ ಪರದೆಗಳ ಬಗ್ಗೆ ಹೇಳಿದ್ದು. ದೋಷ ಹುಡುಕುವುದಕ್ಕೆ ಐವರು ಸಾಕಾಗುತ್ತಾರೆ. ‘ಊರಲ್ಲಿ ಎಷ್ಟು ಜನಕ್ಕೆ ಇಷ್ಟ’ ಎಂದು ಲೆಕ್ಕ ಹೇಳಲು ಐವರು ಸಾಲುವುದಿಲ್ಲ. ಮಾದರಿಯನ್ನು ಕೈಗೆ ಕೊಟ್ಟ ಮೇಲೆ ವಿವರಿಸಬೇಡಿ. ಮಾಡಿದವರಿಗೆ ಇದು ಬಹಳ ಕಷ್ಟ, ಹಾಗಾಗಿ ಮಾಡಿದವರು ಬರೆದುಕೊಳ್ಳಲಿ, ಬೇರೆಯವರು ತೋರಿಸಲಿ. ಹಾಳೆಯನ್ನು ನಾಲ್ಕು ಭಾಗ ಮಾಡಿ: ಹಿಡಿಸಿದ್ದು, ತೊಡಕಾದದ್ದು, ಅವರು ಕೇಳಿದ ಪ್ರಶ್ನೆ, ಅವರೇ ಹೇಳಿದ ಉಪಾಯ. ‘ಚೆನ್ನಾಗಿದೆ’ ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ‘ಇಲ್ಲೇ ಬಿಟ್ಟು ಹೋಗ್ರಿ, ನಾಳೆ ಕೊಡ್ತೀನಿ’ ಅಂದರೆ ಅದಕ್ಕೆ ಬೆಲೆ ಇದೆ.

ಪಿ.ಆರ್.ಎ. (ಊರವರ ಜೊತೆ ಕೂತು ಊರಿನ ಸ್ಥಿತಿ ಅರಿಯುವ ಪದ್ಧತಿ) ಮಾಡುತ್ತಿದ್ದೇವಲ್ಲ, ಇದು ಅದೇ ಅಲ್ಲವೇ?

ಅಣ್ಣತಮ್ಮಂದಿರು. ನೆಲದ ಮೇಲೆ ಊರ ನಕ್ಷೆ, ಕಾಳಿನಲ್ಲಿ ಮತ, ಇವೆಲ್ಲ ಪಿ.ಆರ್.ಎ.ಯಲ್ಲಿ ಪಳಗಿದವರಿಗೆ ಹೊಸದಲ್ಲ, ಆ ನಕ್ಷೆಯನ್ನೇ ಮೊದಲ ಹೆಜ್ಜೆಗೆ ಬಳಸಿ. ಅದು ಊರಿನ ಸ್ಥಿತಿಯನ್ನು ಊರವರಿಂದಲೇ ಬಿಡಿಸಿ ಯೋಜನೆಗೆ ಒಯ್ಯುತ್ತದೆ. ಇಲ್ಲಿ ಯೋಜನೆ ಬರೆಯುವ ಮೊದಲೇ ಒಂದು ಸಣ್ಣ ವಸ್ತು ಮಾಡಿ ಸೋತು ನೋಡುತ್ತೇವೆ.

ಆನ್‌ಲೈನ್‌ನಲ್ಲಿ ನಡೆಸಬಹುದೇ?

ಕಾಲೇಜು ಗುಂಪಿನಲ್ಲಿ ಆದೀತು. ವಾಟ್ಸಾಪ್ ಗುಂಪಿನಲ್ಲಿ ಉಪಾಯ ಕೇಳಬೇಡಿ, ಮೊದಲ ಸಂದೇಶಕ್ಕೆ ಇಪ್ಪತ್ತು ಹೆಬ್ಬೆರಳು ಬಿದ್ದು ಮುಗಿಯುತ್ತದೆ. ನಡೆಸುವವರ ಸ್ವಂತ ನಂಬರಿಗೆ ಧ್ವನಿ ಸಂದೇಶ ಕಳಿಸಲು ಹೇಳಿ.

ಕಾರ್ಯಾಗಾರ ಚೆನ್ನಾಗಿ ಆಯಿತು, ಆಮೇಲೆ ಏನೂ ಆಗಲಿಲ್ಲ. ಯಾಕೆ?

ಸಾಮಾನ್ಯವಾಗಿ ಮೂರರಲ್ಲಿ ಒಂದು. ಮೊದಲನೆಯದು, ಮುಂದಿನ ಕೆಲಸವನ್ನು ‘ಸಂಘದವರು ಮಾಡುತ್ತಾರೆ’ ಎಂದು ಬರೆದಿರುತ್ತೀರಿ. ಸಂಘ ಬಸ್ ಹತ್ತುವುದಿಲ್ಲ, ಹತ್ತುವುದು ಒಬ್ಬ ಮನುಷ್ಯ, ಅವರ ಹೆಸರು ಮತ್ತು ತಾರೀಖು ಬರೆಯಿರಿ. ಎರಡನೆಯದು, ತಾರೀಖು ತಿಂಗಳ ಆಚೆ ಇರುತ್ತದೆ. ಏಳು ದಿನ ದಾಟಿದರೆ ಬಿಸಿ ಆರುತ್ತದೆ. ಮೂರನೆಯದು, ಒಪ್ಪಿಗೆ ಕೊಡಬೇಕಾದ ಪಿ.ಡಿ.ಒ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ಮುಖ್ಯೋಪಾಧ್ಯಾಯರಿಗೆ ವಿಷಯ ಕೊನೆಗೆ ತಿಳಿದಿರುತ್ತದೆ. ಅವರನ್ನು ಪರೀಕ್ಷೆಯ ದಿನವೇ ಕರೆದು ಮುರಿದ ರೊಟ್ಟಿಯನ್ನು ಅವರ ಕೈಯಿಂದಲೇ ಎಣಿಕೆ ಮಾಡಿಸಿ.

ಚೀಟಿಗಳನ್ನು ಆಮೇಲೆ ಏನು ಮಾಡಬೇಕು?

ಚೀಟಿ ಸರಿಸುವ ಮೊದಲೇ ನೆಲದ ಫೋಟೊ ತೆಗೆದುಕೊಳ್ಳಿ, ಅಕ್ಷರ ಓದುವಷ್ಟು ಹತ್ತಿರದಿಂದ. ಜನರ ಹೆಸರಿರುವ ಚೀಟಿಗಳನ್ನು ಹರಿದುಬಿಡಿ. ಉಳಿದವನ್ನು ತಲೆಬರಹದ ಪ್ರಕಾರ ಲಕೋಟೆಗೆ ಹಾಕಿ ತಾರೀಖು ಬರೆದಿಡಿ. ಮೊದಲ ಮಾದರಿ ಬಿದ್ದರೆ ಮತ್ತೆ ಮನೆ ಮನೆ ತಿರುಗಬೇಕಿಲ್ಲ, ಅದೇ ಲಕೋಟೆ ಬಿಚ್ಚಿ ಇನ್ನೊಂದು ವಾಕ್ಯ ಬರೆಯಬಹುದು. ಕಾಳನ್ನು ಮಾತ್ರ ಎಣಿಸಿ ವಾಪಸ್ ತೆಗೆದುಕೊಳ್ಳಿ, ಚಿಕ್ಕ ಮಕ್ಕಳು ಮೂಗಿಗೆ ಹಾಕಿಕೊಳ್ಳುತ್ತಾರೆ.